ಮನೆಯ ಹಿರಿಯರಿಗೆ ಥೈರಾಯ್ಡ್ ಕಡಿಮೆಯಿದ್ದರೆ: ಮುಂಜಾನೆಯ ಗುಳಿಗೆಯಿಂದ ರಿಪೋರ್ಟ್‌ವರೆಗೆ

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟಿರುತ್ತದೆ. ರಾತ್ರಿ ಹತ್ತಾದರೂ ಗೋಡೆಯ ಕಲ್ಲು ತಣಿದಿರುವುದಿಲ್ಲ. ಅಂಥದರಲ್ಲಿ ಆಯಿ ಫ್ಯಾನ್ ಬಂದ್ ಮಾಡಿಸಿ, ಕೌದಿ ಹೊದ್ದುಕೊಂಡು ಮಲಗಿದರೆ "ವಯಸ್ಸಾತು, ಹಂಗ ಆಗ್ತದ" ಎಂದು ಬಿಡಬೇಡಿ. ಮಲ ಕಟ್ಟುವುದು, ದನಿ ಒಡೆದು ಗೊಗ್ಗರಾಗುವುದು, ಮುಂಜಾನೆ ಎದ್ದಾಗ ಮುಖ ಮತ್ತು ಕಣ್ಣಿನ ಕೆಳಗೆ ಊದಿರುವುದು, ಚರ್ಮ ಒಣಗಿ ಹೊಟ್ಟು ಏಳುವುದು, ಮೀನಖಂಡ ಸೆಳೆಯುವುದು, ಕೂತಲ್ಲೇ ತೂಕಡಿಸುವುದು, ಮರೆವು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎಲ್ಲವೂ ಮುಪ್ಪಿನಲ್ಲಿ ಬರುವಂಥವೇ. ಥೈರಾಯ್ಡ್ ಗ್ರಂಥಿ ನಿಧಾನವಾದಾಗಲೂ ಇವೇ ಬರುತ್ತವೆ. ಹಿರಿಯರಲ್ಲಿ ಈ ಕಾಯಿಲೆ ತಡವಾಗಿ ಸಿಕ್ಕಿಬೀಳುವುದು ಇದೇ ಕಾರಣಕ್ಕೆ. ಎರಡನ್ನು ಬೇರೆ ಮಾಡಿ ತೋರಿಸುವುದು ರಕ್ತ ಪರೀಕ್ಷೆ ಮಾತ್ರ.

ಮೊದಲು ಖಾತ್ರಿ ಮಾಡಿಕೊಳ್ಳಿ

ಬೇಕಾದ ಪರೀಕ್ಷೆ ಎರಡು: ಟಿಎಸ್‌ಎಚ್ ಮತ್ತು ಫ್ರೀ ಟಿ4. ಟಿ4 ಎಂಬುದು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ತಯಾರಿಸುವ ಹಾರ್ಮೋನು. ಟಿಎಸ್‌ಎಚ್ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡ್ ಕೆಲಸ ಕಡಿಮೆ ಮಾಡಿದಷ್ಟೂ ಪಿಟ್ಯುಟರಿ ದನಿ ಏರಿಸಿ ಕೂಗುತ್ತದೆ. ಹಾಗಾಗಿ ಕಾಯಿಲೆ ಇದ್ದವರಲ್ಲಿ ಟಿಎಸ್‌ಎಚ್ ಏರಿರುತ್ತದೆ, ಟಿ4 ಇಳಿದಿರುತ್ತದೆ. "ಥೈರಾಯ್ಡ್ ಜಾಸ್ತಿ ಬಂದದ" ಎಂದು ಮನೆಯಲ್ಲಿ ಹೇಳುವುದು ಸಾಮಾನ್ಯವಾಗಿ ಟಿಎಸ್‌ಎಚ್ ಅಂಕಿಯನ್ನು ನೋಡಿ. ನಿಜಕ್ಕೂ ಅಲ್ಲಿ ಥೈರಾಯ್ಡ್ ಕಡಿಮೆಯಾಗಿರುತ್ತದೆ. ಈ ಗೊಂದಲ ಬಗೆಹರಿಯದೆ ಮುಂದಿನ ಯಾವ ಮಾತೂ ತಲೆಗೆ ಹೋಗುವುದಿಲ್ಲ.

ವಯಸ್ಕರಿಗೆ ಟಿಎಸ್‌ಎಚ್ ಸುಮಾರು 0.4ರಿಂದ 4ರವರೆಗೆ ಸಹಜ ಎಂದು ಹೆಚ್ಚಿನ ಲ್ಯಾಬ್‌ಗಳು ಅಚ್ಚು ಹಾಕುತ್ತವೆ. ಆದರೆ ವಯಸ್ಸಾದಂತೆ ಈ ಅಂಕಿ ತಾನಾಗಿಯೇ ಸ್ವಲ್ಪ ಏರುತ್ತದೆ. 75 ವರ್ಷದ ಮುತ್ಯಾನ ಟಿಎಸ್‌ಎಚ್ 6 ಇದ್ದು ಟಿ4 ಸರಿಯಾಗಿದ್ದರೆ ಅನೇಕ ವೈದ್ಯರು ಔಷಧಿ ಬರೆಯುವುದಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎನ್ನುತ್ತಾರೆ. ಅದು ಸರಿಯಾದ ನಿರ್ಧಾರ. 2017ರಲ್ಲಿ ಪ್ರಕಟವಾದ ಯುರೋಪಿನ ಟ್ರಸ್ಟ್ ಅಧ್ಯಯನದಲ್ಲಿ 65 ವರ್ಷ ದಾಟಿದ, ಇಂಥದೇ ಅಲ್ಪ ಏರಿಕೆಯಿದ್ದ 737 ಜನರನ್ನು ನೋಡಲಾಯಿತು. ಗುಳಿಗೆ ತೆಗೆದುಕೊಂಡವರಿಗೂ ಔಷಧಿಯಿಲ್ಲದ ಖಾಲಿ ಗುಳಿಗೆ ತೆಗೆದುಕೊಂಡವರಿಗೂ ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಟಿಎಸ್‌ಎಚ್ 10 ದಾಟಿದರೆ, ಅಥವಾ ಟಿ4 ಇಳಿದಿದ್ದರೆ ಮಾತು ಬೇರೆ.

ಜ್ವರ, ನ್ಯುಮೋನಿಯಾ ಎಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ತೆಗೆದ ಥೈರಾಯ್ಡ್ ರಿಪೋರ್ಟ್ ಒಂದನ್ನೇ ನಂಬಿ ಜೀವನಪೂರ್ತಿ ಗುಳಿಗೆ ಶುರು ಮಾಡಬೇಡಿ. ದೊಡ್ಡ ಕಾಯಿಲೆಯಲ್ಲಿ ಈ ಅಂಕಿಗಳು ಏರುಪೇರಾಗುತ್ತವೆ. ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಿ. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಇವೆರಡೂ ಥೈರಾಯ್ಡನ್ನು ತಗ್ಗಿಸಬಲ್ಲವು. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ಡೋಸು ಸಣ್ಣದರಿಂದ ಏಕೆ ಶುರುವಾಗುತ್ತದೆ

ಔಷಧಿಯ ಹೆಸರು ಲೆವೊಥೈರಾಕ್ಸಿನ್, ಚಿಕ್ಕದಾಗಿ ಥೈರಾಕ್ಸಿನ್. ಥೈರೊನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಎಲ್ಲವೂ ಅದೇ. ದೇಹವೇ ತಯಾರಿಸಬೇಕಿದ್ದ ಹಾರ್ಮೋನನ್ನು ಹೊರಗಿನಿಂದ ಕೊಡುತ್ತೇವೆ, ಅಷ್ಟೇ. ಅಳತೆ ಮಾತ್ರ ಮೈಕ್ರೋಗ್ರಾಂನಲ್ಲಿ, ಎಂದರೆ ಮಿಲಿಗ್ರಾಂನ ಸಾವಿರದ ಒಂದು ಭಾಗದಲ್ಲಿ.

ಆರೋಗ್ಯವಂತ ಯುವಕರಿಗೆ ಪೂರ್ತಿ ಡೋಸು ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ. 55 ಕಿಲೋ ಇದ್ದರೆ 88ರ ಆಸುಪಾಸು. ಹಿರಿಯರಿಗೆ, ಅದರಲ್ಲೂ ಹೃದಯದ ತೊಂದರೆ ಇದ್ದವರಿಗೆ, 12.5 ಅಥವಾ 25ರಿಂದ ಶುರು ಮಾಡಿ, ಆರರಿಂದ ಎಂಟು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ, 12.5 ಅಥವಾ 25ರಷ್ಟು ಏರಿಸುತ್ತ ಹೋಗುತ್ತಾರೆ. ಥೈರಾಕ್ಸಿನ್ ಸಿಕ್ಕ ಕೂಡಲೇ ಹೃದಯದ ಕೆಲಸ ಹೆಚ್ಚುತ್ತದೆ, ಅದಕ್ಕೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಆ ಹೆಚ್ಚಿನ ಬೇಡಿಕೆ ಎದೆನೋವಾಗಿ ಹೊರಬರುತ್ತದೆ. "25ರಿಂದ ಏನೂ ಆಗಿಲ್ಲ, 50 ಕೊಡೋಣ" ಎಂದು ಮನೆಯಲ್ಲೇ ಏರಿಸುವುದು ಅಪಾಯ ಎನ್ನುವುದು ಇದಕ್ಕೇ.

ಗುಣ ಕಾಣಲು ಸಮಯ ಬೇಕು. ರಕ್ತದಲ್ಲಿ ಈ ಔಷಧಿಯ ಅರ್ಧ ಭಾಗ ಕಳೆಯಲು ಸುಮಾರು ಏಳು ದಿನ ಹಿಡಿಯುತ್ತದೆ. ಹಾಗಾಗಿ ಹೊಸ ಡೋಸು ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ ಬೇಕು. ಎರಡು ಮೂರು ವಾರಕ್ಕೆ ಮೈ ಸ್ವಲ್ಪ ಹಗುರಾಗಬಹುದು. ದನಿ, ಚರ್ಮ, ಕೂದಲು ಸರಿಹೋಗಲು ತಿಂಗಳುಗಳೇ ಹಿಡಿಯುತ್ತವೆ. ಇದನ್ನು ಹಿರಿಯರಿಗೆ ಮೊದಲ ದಿನವೇ ಹೇಳಿ. ಹೇಳದಿದ್ದರೆ ಹದಿನೈದನೇ ದಿನ "ಈ ಗುಳಗಿ ನನಗ ಹತ್ತಂಗಿಲ್ಲ" ಎಂದು ಬಾಟಲಿ ಮೂಲೆಗೆ ಸೇರುತ್ತದೆ.

ಮುಂಜಾನೆಯ ಮೊದಲ ತಾಸು

ಇಡೀ ಚಿಕಿತ್ಸೆ ನಿಂತಿರುವುದು ಈ ಒಂದು ತಾಸಿನ ಮೇಲೆ. ಗುಳಿಗೆ ಹೊಟ್ಟೆಗೆ ಹೋದ ಮಾತ್ರಕ್ಕೆ ರಕ್ತಕ್ಕೆ ಹೋದಂತಲ್ಲ. ಖಾಲಿ ಹೊಟ್ಟೆಯಲ್ಲಿ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಚಹಾ, ಕಾಫಿ, ಹಾಲು, ತಿಂಡಿ ಸೇರಿದರೆ ಒಂದು ಪಾಲು ಹಾಗೇ ಹೊರಹೋಗುತ್ತದೆ. ನಮ್ಮ ಕಡೆ ಹಿರಿಯರಿಗೆ ಕಣ್ಣು ಬಿಟ್ಟ ತಕ್ಷಣ ಚಹಾ ಬೇಕು. ಆ ಚಹಾಕ್ಕೂ ಗುಳಿಗೆಗೂ ನಡುವೆ 30ರಿಂದ 60 ನಿಮಿಷ ಅಂತರ ತರುವುದೇ ನೋಡಿಕೊಳ್ಳುವವರ ನಿಜವಾದ ಕೆಲಸ.

ಮಾಡುವುದು ಹೀಗೆ. ರಾತ್ರಿ ಮಲಗುವ ಮುಂಚೆ ಹಿರಿಯರ ತಲೆದಿಂಬಿನ ಪಕ್ಕ, ಕೈಗೆ ಎಟಕುವಲ್ಲಿ, ಒಂದು ಸಣ್ಣ ಸ್ಟೀಲ್ ಬಟ್ಟಲಲ್ಲಿ ಒಂದೇ ಗುಳಿಗೆ ಇಟ್ಟು ಮುಚ್ಚಿ. ಪಕ್ಕದಲ್ಲಿ ಮುಚ್ಚಿದ ತಂಬಿಗೆಯಲ್ಲಿ ನೀರು. ಗುಳಿಗೆ ಕಾಳುಮೆಣಸಿಗಿಂತ ತುಸು ದೊಡ್ಡದು, ಬಿಳಿ ತಟ್ಟೆಯಲ್ಲಿ ಕಾಣುವುದೇ ಇಲ್ಲ. ಕಣ್ಣಿನ ಪೊರೆ ಇದ್ದವರಿಗಂತೂ ಇಲ್ಲವೇ ಇಲ್ಲ. ಬಟ್ಟಲಿನ ತಳಕ್ಕೆ ಕಡುಬಣ್ಣದ ಅರಿವೆಯ ತುಂಡು ಹಾಸಿ. ಹೊತ್ತು ಮೂಡುವ ಮುಂಚೆ ಐದೂವರೆಗೆ ಎಚ್ಚರವಾಗಿ ಬಚ್ಚಲಿಗೆ ಎದ್ದಾಗಲೇ ತೆಗೆದುಕೊಂಡುಬಿಟ್ಟರೆ, ಮುಖ ತೊಳೆದು, ಪೂಜೆ ಅಥವಾ ನಮಾಜು ಮುಗಿಸಿ, ಅಂಗಳದಲ್ಲಿ ಕೂರುವ ಹೊತ್ತಿಗೆ ತಾಸು ಕಳೆದಿರುತ್ತದೆ. ಚಹಾ ಬೇಡ ಎನ್ನುವುದಕ್ಕಿಂತ ಗುಳಿಗೆಯನ್ನೇ ಇನ್ನಷ್ಟು ಬೇಗ ಕೊಡುವುದು ಸುಲಭ.

ನೀರು ಅರ್ಧ ಲೋಟಕ್ಕಿಂತ ಕಡಿಮೆಯಾಗಬಾರದು. ಬರೀ ನೀರು. ಮುಂಜಾನೆ ಮೆಂತ್ಯದ ನೀರು, ನಿಂಬೆ-ಜೇನು, ಮಲಬದ್ಧತೆಗೆ ಇಸಬಗೋಲ್ ಕುಡಿಯುವ ಅಭ್ಯಾಸ ಹಲವರಿಗಿದೆ. ಅವೆಲ್ಲ ಗುಳಿಗೆಯ ಮುಂಚೆ ಬೇಡ. ಇಸಬಗೋಲನ್ನು ರಾತ್ರಿಗೆ ಬದಲಿಸಿ. ಎಲೆ-ಅಡಿಕೆ ಹಾಕುವವರು ತಿಂಡಿಯಾದ ಮೇಲೇ ಹಾಕಲಿ, ಸುಣ್ಣವೆಂದರೂ ಕ್ಯಾಲ್ಸಿಯಮ್ಮೇ.

"ಮುತ್ಯಾ, ಗುಳಗಿ ತೊಗೊಂಡಿ?"

"ತೊಗೊಂಡಂಗ ಆಗ್ಯದ."

ಈ "ಆಗ್ಯದ" ಎಂಬ ಮಾತಿಗೆ ಸಾಕ್ಷಿ ಬೇಕು. ಗೋಡೆಯ ಕ್ಯಾಲೆಂಡರ್ ಮೇಲೆ ಆಯಾ ದಿನದ ಚೌಕದಲ್ಲಿ ಗೆರೆ ಎಳೆಯಲಿ. ಓದಲು ಬಾರದವರು ಕುಂಕುಮದ ಬೊಟ್ಟು ಇಡಲಿ. ಜೊತೆಗೆ ಲೆಕ್ಕದ ದಾರಿಯೂ ಇದೆ. 100 ಗುಳಿಗೆಯ ಬಾಟಲಿ ತೆರೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಜೂನ್ 1ರಿಂದ ದಿನಕ್ಕೊಂದು ಶುರು ಮಾಡಿದರೆ, ಜುಲೈ 1ರ ಬೆಳಗ್ಗೆ ನುಂಗುವ ಮುಂಚೆ 70 ಉಳಿದಿರಬೇಕು. 78 ಇದ್ದರೆ ಎಂಟು ದಿನ ತಪ್ಪಿದೆ. ಇದನ್ನು ತಿಳಿಸದೆ ಡಾಕ್ಟರ್ ಮುಂದೆ ಏರಿದ ಟಿಎಸ್‌ಎಚ್ ಇಟ್ಟರೆ, ಅವರು ಡೋಸು ಏರಿಸುತ್ತಾರೆ. ಆಮೇಲೆ ಹಿರಿಯರು ನಿಯಮಿತವಾಗಿ ತೆಗೆದುಕೊಳ್ಳತೊಡಗಿದರೆ ಅದೇ ಡೋಸು ಅತಿಯಾಗುತ್ತದೆ.

ಒಂದು ದಿನ ಮರೆತರೆ ಗಾಬರಿ ಬೇಡ. ಅದೇ ದಿನ ಹೊಟ್ಟೆ ಖಾಲಿಯಿರುವಾಗ ನೆನಪಾದರೆ ಕೊಡಿ, ಇಲ್ಲದಿದ್ದರೆ ಮರುದಿನ ಎಂದಿನಂತೆ ಒಂದೇ. ಡಾಕ್ಟರ್ ಹೇಳದೆ ಎರಡು ಕೊಡಬೇಡಿ.

ಏನು ಮಾಡಿದರೂ ಮುಂಜಾನೆ ಒಗ್ಗದಿದ್ದರೆ ರಾತ್ರಿಯ ದಾರಿ ಇದೆ: ಊಟವಾಗಿ ಕನಿಷ್ಠ ಮೂರು ತಾಸು ಕಳೆದ ಮೇಲೆ. ಏಳಕ್ಕೆ ಉಂಡು ಹತ್ತಕ್ಕೆ ಮಲಗುವವರಿಗೆ ಸರಿ, ಒಂಬತ್ತಕ್ಕೆ ಉಂಡು ಒಂಬತ್ತೂವರೆಗೆ ಮಲಗುವವರಿಗೆ ಆಗದು. ಯಾವ ಹೊತ್ತಾದರೂ ಆಯ್ಕೆ ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಬೇಕು.

ಬೇರೆ ಗುಳಿಗೆಗಳ ಜೊತೆ

ಡೋಸು ಸರಿಯಿದ್ದೂ ರಿಪೋರ್ಟ್ ಸರಿಬಾರದ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನು. ಎಲುಬಿನ ಗುಳಿಗೆ ಎಂದರೆ ಕ್ಯಾಲ್ಸಿಯಂ, ರಕ್ತದ ಗುಳಿಗೆ ಎಂದರೆ ಕಬ್ಬಿಣ, ಎದೆಯುರಿಗೆ ಕುಡಿಯುವ ಗುಲಾಬಿ ಔಷಧಿ ಎಂದರೆ ಆಂಟಾಸಿಡ್. ಈ ಮೂರೂ ಹೊಟ್ಟೆಯಲ್ಲಿ ಥೈರಾಕ್ಸಿನ್ನನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕನಿಷ್ಠ ನಾಲ್ಕು ತಾಸು ಅಂತರ ಬೇಕು. ಕ್ಯಾಲ್ಸಿಯಂ ಇರುವ ಮಲ್ಟಿವಿಟಮಿನ್, "ತಾಕತ್ತಿನ" ಪುಡಿಗಳಿಗೂ ಇದೇ ನಿಯಮ.

ಗ್ಯಾಸ್ ಗುಳಿಗೆಯ ಕಥೆ ಬೇರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದವು ಥೈರಾಕ್ಸಿನ್ನನ್ನು ಹಿಡಿದುಕೊಳ್ಳುವುದಿಲ್ಲ. ಹೊಟ್ಟೆಯ ಆಮ್ಲವನ್ನೇ ದಿನವಿಡೀ ತಗ್ಗಿಸುತ್ತವೆ. ಗುಳಿಗೆ ಕರಗಲು ಆ ಆಮ್ಲ ಬೇಕು. ಹಾಗಾಗಿ ಬರೀ ಅಂತರ ಇಟ್ಟರೆ ಪೂರ್ತಿ ಪರಿಹಾರವಾಗದು. ಗ್ಯಾಸ್ ಗುಳಿಗೆ ಹೊಸದಾಗಿ ಶುರುವಾದರೆ, ಇಲ್ಲವೇ ನಿಂತರೆ, ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮಾಡಿಸಿ. ವರ್ಷಗಟ್ಟಲೆ ಯಾರೂ ಕೇಳದೆ ನಡೆದುಕೊಂಡು ಬಂದ ಗ್ಯಾಸ್ ಗುಳಿಗೆ ಈಗಲೂ ಬೇಕೇ ಎಂದು ಡಾಕ್ಟರನ್ನು ಕೇಳಿನೋಡಿ.

ಮುಂಜಾನೆ ಗುಳಿಗೆ ತೆಗೆದುಕೊಳ್ಳುವವರಿಗೆ ಒಂದು ವೇಳಾಪಟ್ಟಿ, ನಿಮ್ಮ ಡಾಕ್ಟರಿಗೆ ತೋರಿಸಿ ಹೊಂದಿಸಿಕೊಳ್ಳಿ:

- 5:30: ಥೈರಾಕ್ಸಿನ್, ನೀರು
- 6:30: ಚಹಾ
- 7:30: ಗ್ಯಾಸ್ ಗುಳಿಗೆ ಇದ್ದರೆ, ತಿಂಡಿಗೆ ಅರ್ಧ ತಾಸು ಮುಂಚೆ
- 8:00: ತಿಂಡಿ, ಬಿಪಿ ಮತ್ತು ಶುಗರ್ ಗುಳಿಗೆ ಡಾಕ್ಟರ್ ಹೇಳಿದಂತೆ
- 1:00: ಊಟದೊಂದಿಗೆ ಕ್ಯಾಲ್ಸಿಯಂ
- ರಾತ್ರಿ: ಕಬ್ಬಿಣದ ಗುಳಿಗೆ, ಇಸಬಗೋಲ್

ಥೈರಾಕ್ಸಿನ್ ಶುರುವಾದಾಗ ಬೇರೆ ಔಷಧಿಗಳ ಲೆಕ್ಕವೂ ಬದಲಾಗುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ನಿನ ಬಲ ಹೆಚ್ಚುತ್ತದೆ, ಆದ್ದರಿಂದ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಬೇಗ ಬೇಕು. ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರಬಹುದು. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್ ಮತ್ತು ಟಿಬಿಯ ರಿಫಾಂಪಿಸಿನ್ ನಡೆಯುತ್ತಿದ್ದರೆ ಥೈರಾಕ್ಸಿನ್ ಹೆಚ್ಚು ಬೇಕಾಗಬಹುದು. ಅಶ್ವಗಂಧ ಕೂಡ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನಾಟಿ ಔಷಧಿ ಎಂದು ಮುಚ್ಚಿಡಬೇಡಿ.

ಬಾಟಲಿ, ಬಿಸಿಲು, ಬ್ರ್ಯಾಂಡ್

ಈ ಔಷಧಿ ಶಾಖ, ತೇವ, ಬೆಳಕು ಮೂರಕ್ಕೂ ಸೋಲುತ್ತದೆ. ಲೇಬಲ್ ಮೇಲೆ ಎಷ್ಟು ಡಿಗ್ರಿಯೊಳಗೆ ಇಡಬೇಕೆಂದು ಬರೆದಿರುತ್ತದೆ, ಓದಿ. ನಮ್ಮ ಬೇಸಿಗೆಯಲ್ಲಿ ಪತ್ರಾಸ್ ಮನೆಯ ಗೂಡು, ಒಲೆಯ ಮೇಲಿನ ಮಾಡ, ಕಿಟಕಿ ಕಟ್ಟೆ, ಗಾಡಿಯ ಡಿಕ್ಕಿ ಎಲ್ಲಿಯೂ ಆ ಡಿಗ್ರಿ ಸಿಗುವುದಿಲ್ಲ. ಮನೆಯ ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದ ಅಲಮಾರಿಯ ಕೆಳಗಿನ ಖಾನೆ ಒಳ್ಳೆಯದು. ನೀರಿನ ಬಿಂದಿಗೆಯ ಪಕ್ಕ ತಂಪಿರುತ್ತದೆ, ತೇವವೂ ಇರುತ್ತದೆ, ಅಲ್ಲಿ ಬೇಡ. ಬಾಟಲಿಯೊಳಗಿನ ತೇವ ಹೀರುವ ಸಣ್ಣ ಪೊಟ್ಟಣವನ್ನು ಎಸೆಯಬೇಡಿ. ವಾರದ ಡಬ್ಬಿಗೆ ಏಳೇ ಗುಳಿಗೆ ಹಾಕಿ, ತಿಂಗಳದ್ದು ಸುರಿಯಬೇಡಿ.

ಮೆಡಿಕಲ್‌ನಲ್ಲಿ ಹೆಸರಿಗಿಂತ ಮೊದಲು ಅಂಕಿ ನೋಡಿ. 12.5 ಮತ್ತು 125, 25 ಮತ್ತು 125 ಕಣ್ತಪ್ಪಿಗೆ ಸಿಗುವ ಜೋಡಿಗಳು. ಆ ತಪ್ಪಾದರೆ ಹಿರಿಯರಿಗೆ ಹತ್ತು ಪಟ್ಟು, ಐದು ಪಟ್ಟು ಔಷಧಿ ಹೋದಂತೆ. "25 ಖಾಲಿ ಆಗ್ಯದ, 50ರದು ಅರ್ಧ ಮಾಡ್ಕೊಳ್ರಿ" ಎಂದರೆ ಒಂದೆರಡು ದಿನದ ಮಾತಿಗೆ ಸರಿ. ಚಾಕುವಿನಲ್ಲಿ ಮುರಿದ ಗುಳಿಗೆ ಸರಿಯಾಗಿ ಅರ್ಧವಾಗುವುದಿಲ್ಲ, ಪುಡಿ ಉದುರುತ್ತದೆ. ಹಳ್ಳಿಯಲ್ಲಿರುವವರು ಹದಿನೈದು ದಿನದ್ದು ಉಳಿದಿರುವಾಗಲೇ ಹೊಸ ಬಾಟಲಿ ತರಿಸಿಡಿ.

ಒಂದು ಬ್ರ್ಯಾಂಡ್ ಹೊಂದಿದರೆ ಅದನ್ನೇ ಮುಂದುವರಿಸಿ. ಜನೌಷಧಿ ಕೇಂದ್ರದ ಗುಳಿಗೆಗೆ ಬದಲಾಯಿಸುವುದರಲ್ಲಿ ತಪ್ಪಿಲ್ಲ, ಹಣವೂ ಉಳಿಯುತ್ತದೆ. ಬದಲಾಯಿಸಿ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಬೇಕು. ತಿಂಗಳಿಗೊಂದು ಕಂಪನಿಯದು ಬಂದರೆ ರಿಪೋರ್ಟಿನ ಏರಿಳಿತಕ್ಕೆ ಕಾರಣವೇ ಗೊತ್ತಾಗುವುದಿಲ್ಲ.

ರಿಪೋರ್ಟ್ ಓದುವಾಗ

ಪರೀಕ್ಷೆಯ ದಿನ ಮುಂಜಾನೆ ರಕ್ತ ಕೊಟ್ಟ ಮೇಲೆ ಗುಳಿಗೆ. ಮುಂಚೆ ನುಂಗಿದರೆ ಫ್ರೀ ಟಿ4 ಕೆಲವು ತಾಸು ಏರಿದಂತೆ ಕಾಣುತ್ತದೆ. ಕೂದಲಿಗೆ, ಉಗುರಿಗೆ ಎಂದು ಕೊಡುವ ಬಯೋಟಿನ್ ಇದ್ದರೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಿ. ಅದು ರೋಗಿಗೆ ಏನೂ ಮಾಡದೆ, ಯಂತ್ರವನ್ನು ತಪ್ಪು ಓದುವಂತೆ ಮಾಡುತ್ತದೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಥರದ ಸರ್ಕಾರಿ ಆಸ್ಪತ್ರೆ, ಖಾಸಗಿ ಲ್ಯಾಬ್ ಎಲ್ಲಿ ಮಾಡಿಸಿದರೂ, ಸಾಧ್ಯವಾದಷ್ಟು ಪ್ರತಿ ಸಲ ಅಲ್ಲಿಯೇ ಮಾಡಿಸಿ. ಲ್ಯಾಬ್ ಬದಲಾದರೆ ಅಂಕಿಯ ಜೊತೆ ಅದರ ಮಾನವನ್ನೂ ನೋಡಿ. ಫ್ರೀ ಟಿ4 ಒಂದು ಕಡೆ 1.2, ಇನ್ನೊಂದು ಕಡೆ 15 ಎಂದು ಬಂದರೆ ಕಾಯಿಲೆ ಏರಿದ್ದಲ್ಲ. ಮೊದಲನೆಯದು ನ್ಯಾನೋಗ್ರಾಂ ಲೆಕ್ಕ, ಎರಡನೆಯದು ಪಿಕೋಮೋಲ್ ಲೆಕ್ಕ, ಎರಡೂ ಹೆಚ್ಚುಕಡಿಮೆ ಒಂದೇ.

ಗುರಿ ಎಷ್ಟು ಎಂದು ಡಾಕ್ಟರನ್ನೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. 70 ದಾಟಿದವರಿಗೆ 4ರಿಂದ 6ರ ನಡುವೆ ಸಾಕು ಎನ್ನುವ ವೈದ್ಯರು ಅನೇಕರಿದ್ದಾರೆ. ಮಗನ 2ಕ್ಕೆ ಅಪ್ಪನ 5ನ್ನು ಹೋಲಿಸಿ ಡೋಸು ಹೆಚ್ಚಿಸಲು ಒತ್ತಾಯಿಸಬೇಡಿ. ಪಿಟ್ಯುಟರಿಯಲ್ಲೇ ತೊಂದರೆ ಇದ್ದವರಿಗೆ ಮಾತ್ರ ಟಿಎಸ್‌ಎಚ್ ನಂಬುವಂತಿಲ್ಲ, ಅವರಿಗೆ ಫ್ರೀ ಟಿ4ರ ಮೇಲೆಯೇ ಡೋಸು ನಿಲ್ಲುತ್ತದೆ. ಡೋಸು ಒಂದು ಕಡೆ ನಿಂತ ಮೇಲೆ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು.

ರಿಪೋರ್ಟ್ ನಾರ್ಮಲ್ ಬಂದ ದಿನವೇ ಅತಿ ಹೆಚ್ಚು ಜನ ಗುಳಿಗೆ ಬಿಡುತ್ತಾರೆ. ನಾರ್ಮಲ್ ಬಂದದ್ದು ಗುಳಿಗೆಯಿಂದ. ನಿಲ್ಲಿಸಿದ ವಾರ ಏನೂ ಗೊತ್ತಾಗುವುದಿಲ್ಲ, ಒಂದೆರಡು ತಿಂಗಳಲ್ಲಿ ಮತ್ತೆ ಕೌದಿ ಹೊರಗೆ ಬರುತ್ತದೆ.

ಡೋಸು ಅತಿಯಾದರೆ

ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು, ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು ಅತಿಯ ಗುರುತುಗಳು. ಹಿರಿಯರಲ್ಲಿ ಇದರ ಬೆಲೆ ದೊಡ್ಡದು: ಹೃದಯ ತಾಳ ತಪ್ಪುತ್ತದೆ, ತಾಳ ತಪ್ಪಿದ ಹೃದಯದಲ್ಲಿ ಗಡ್ಡೆಗಟ್ಟಿದ ರಕ್ತ ಮಿದುಳಿಗೆ ಹೋದರೆ ಪಾರ್ಶ್ವವಾಯು. ಎಲುಬು ಸವೆದು, ಬಿದ್ದರೆ ತೊಡೆಯ ಮೂಳೆ ಮುರಿಯುತ್ತದೆ. ವಾರಕ್ಕೊಮ್ಮೆ, ಹಾಸಿಗೆಯಿಂದ ಏಳುವ ಮುಂಚೆ, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ನಾಡಿ ಎಣಿಸಿ ಬರೆದಿಡಿ. ಸುಮ್ಮನೆ ಮಲಗಿದ್ದಾಗಲೂ 100 ದಾಟಿದರೆ, ಅಥವಾ ಬಡಿತ ಒಮ್ಮೆ ಬೇಗ ಒಮ್ಮೆ ನಿಧಾನ ಎಂದು ಕೈಗೆ ಸಿಕ್ಕರೆ, ಮುಂದಿನ ತಾರೀಖಿಗೆ ಕಾಯದೆ ತೋರಿಸಿ.

ಊಟ, ಉಪವಾಸ, ಊರೂರು

ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಬೇಯಿಸಿದ ಎಲೆಕೋಸು ಯಾವುದನ್ನೂ ಬಿಡಬೇಕಿಲ್ಲ. ಉಪ್ಪು ಅಯೋಡಿನ್ ಇರುವುದಾಗಲಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಅಯೋಡಿನ್ ಗುಳಿಗೆ, ಕಡಲಕಳೆಯ ಪುಡಿ ಎಂದು ಹೆಚ್ಚುವರಿ ಕೊಟ್ಟರೆ ಗ್ರಂಥಿ ಇನ್ನಷ್ಟು ಕೆಡಬಹುದು.

ಸೋಮವಾರ, ಏಕಾದಶಿಯ ಉಪವಾಸಕ್ಕೆ ಗುಳಿಗೆ ಅಡ್ಡಿಯಲ್ಲ. ಖಾಲಿ ಹೊಟ್ಟೆಯೇ ಅದಕ್ಕೆ ಬೇಕಾದ್ದು. ರಂಜಾನಿನಲ್ಲಿ ಸೆಹರಿಗೆ ಅರ್ಧದಿಂದ ಒಂದು ತಾಸು ಮುಂಚೆ ಎದ್ದು ತೆಗೆದುಕೊಳ್ಳಬಹುದು, ಅಥವಾ ರಾತ್ರಿಯ ಊಟವಾಗಿ ಮೂರು ತಾಸಿಗೆ. ಗಾಣಗಾಪುರಕ್ಕೋ ಪಂಢರಪುರಕ್ಕೋ ಹೊರಟರೆ ಎರಡು ದಿನ ಹೆಚ್ಚಿನ ಗುಳಿಗೆ ಮೈಮೇಲಿನ ಚೀಲದಲ್ಲಿರಲಿ. ಆರು ತಿಂಗಳು ಬೀದರಿನ ಮಗನ ಮನೆ, ಆರು ತಿಂಗಳು ಸೇಡಂನ ಮಗಳ ಮನೆ ಎಂದು ತಿರುಗುವ ಹಿರಿಯರ ಜೊತೆ ಬಾಟಲಿ ಮಾತ್ರ ಹೋದರೆ ಸಾಲದು, ಕೊನೆಯ ರಿಪೋರ್ಟೂ ವೇಳಾಪಟ್ಟಿಯೂ ಹೋಗಬೇಕು. ಮಕ್ಕಳು ಹೈದರಾಬಾದ್, ಪುಣೆಯಲ್ಲಿದ್ದರೆ ದಿನಾ ಐದೂವರೆಗೆ ಒಂದು ಮಿಸ್ಡ್ ಕಾಲ್ ಸಾಕು, ಅದು ಗುಳಿಗೆಯ ಗಂಟೆ.

ತಡ ಮಾಡಬಾರದ ಹೊತ್ತು

ಎದೆ ಹಿಂಡಿದಂತೆ ನೋವು, ಉಸಿರು ಕಟ್ಟುವುದು, ಒಂದು ಬದಿ ಸೋಲುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಚಿಕಿತ್ಸೆ ಬಿಟ್ಟವರಲ್ಲಿ ಇನ್ನೊಂದು ಸ್ಥಿತಿ ನಿಧಾನವಾಗಿ ಬರುತ್ತದೆ: ಎಬ್ಬಿಸಿದರೂ ಏಳದ ಮಂಪರು, ತೊದಲು, ಗೊಂದಲ, ಮುಟ್ಟಿದರೆ ತಣ್ಣಗಾದ ಮೈ, ನಿಧಾನ ಉಸಿರು. ನಿಮೋನಿಯಾ, ಚಳಿ, ನಿದ್ದೆಯ ಗುಳಿಗೆ ಇದನ್ನು ಕೆರಳಿಸುತ್ತವೆ. ಮನೆಯಲ್ಲಿ ಎರಡು ಥೈರಾಕ್ಸಿನ್ ಕೊಟ್ಟು ನೋಡೋಣ ಎನ್ನಬೇಡಿ, ಐಸಿಯು ಇರುವ ಆಸ್ಪತ್ರೆಗೇ ಒಯ್ಯಿರಿ.

ಅದಕ್ಕಾಗಿ ಹಾಸಿಗೆಯ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿಡಿ: ಥೈರಾಕ್ಸಿನ್ ಬ್ರ್ಯಾಂಡ್ ಮತ್ತು ಡೋಸು, ಶುರುವಾದ ವರ್ಷ, ಕೊನೆಯ ಟಿಎಸ್‌ಎಚ್ ಮತ್ತು ಅದರ ತಾರೀಖು, ಉಳಿದ ಎಲ್ಲ ಔಷಧಿಗಳು, ಹೃದಯದ ತೊಂದರೆ ಇದೆಯೋ ಇಲ್ಲವೋ, ಮಗ ಅಥವಾ ಮಗಳ ಫೋನ್ ನಂಬರು. ಹಿರಿಯರು ಉರ್ದು ಅಥವಾ ಮರಾಠಿಯಲ್ಲಿ ಓದಿದವರಾದರೆ ಅವರಿಗಾಗಿ ಆ ಲಿಪಿಯಲ್ಲಿ ಇನ್ನೊಂದು. ಕಣ್ಣಿನ ಪೊರೆಯ ಕ್ಯಾಂಪಿಗೋ ಮೊಣಕಾಲಿನ ಆಪರೇಷನ್ನಿಗೋ ಹೋಗುವಾಗ ಆ ಕಾಗದದ ಫೋಟೊ ಫೋನಿನಲ್ಲಿರಲಿ. ಅರಿವಳಿಕೆ ಕೊಡುವ ಡಾಕ್ಟರ್ ಮೊದಲು ಕೇಳುವುದೇ ಅದನ್ನು.